ಸಹಾಯ ಬೇಕು: ಸೋಮವಾರಪೇಟೆಯಿಂದ ಬೀದಳ್ಳಿಗೆ ಬೆಳಗಿನ ಬಸ್ಸು

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಚಿಕ್ಕಪ್ಪನ ಜೊತೆ ಕುಮಾರಪರ್ವತ (1712 ಮೀ.) ಹತ್ತಬೇಕು ಅಂತಿದ್ದೀನಿ. ಗಾಡಿ ಇಲ್ಲ, ಬಸ್ಸೇ ಗತಿ.

ಹೋದ ವರ್ಷ ಕುಕ್ಕೆ ಕಡೆಯಿಂದ ಹತ್ತಿದ್ವಿ. ಗಿರಿಗದ್ದೆ ಭಟ್ಟರ ಮನೇಲಿ ಅನ್ನ ಸಾರು ಉಂಡು ಮುಂದೆ ಹೋದ್ರೆ ಬರೀ ಹುಲ್ಲಿನ ಏರು, ತಲೆ ಮೇಲೆ ಬಿಸಿಲು. ತುದಿಗಿಂತ ಮೊದಲು ಸಿಗೋ ಶೇಷಪರ್ವತ ಇನ್ನೂ ಮೇಲಿರುವಾಗಲೇ ಚಿಕ್ಕಪ್ಪನ ಮಂಡಿ ಗಡಗಡ ನಡುಗೋಕೆ ಶುರುವಾಯ್ತು. ಎರಡೂ ಕೈಲಿ ಮಂಡಿ ಹಿಡ್ಕೊಂಡು ಬಂಡೆ ಮೇಲೆ ಕೂತುಬಿಟ್ರು. ವಾಪಸ್ ಇಳಿದ್ವಿ. ತುದಿ ನೋಡಲಿಲ್ಲವಲ್ಲ ಅಂತ ಇವತ್ತಿಗೂ ಹೇಳ್ತಿರ್ತಾರೆ. ಈ ಸಲ ಹೇಗಾದ್ರೂ ಅವರನ್ನ ಮೇಲೆ ಕರ್ಕೊಂಡು ಹೋಗ್ಬೇಕು.

ಸೋಮವಾರಪೇಟೆ ಕಡೆಯ ದಾರಿ ಚಿಕ್ಕದು, ಕಾಡಿನ ನೆರಳೂ ಇದೆ. ಬೆಂಗಳೂರಿಂದ ರಾತ್ರಿ ಬಸ್ಸು ಹಿಡಿದು ಸೋಮವಾರಪೇಟೆ ತಲುಪ್ತೀವಿ. ಅಲ್ಲಿಂದ, ಹತ್ತೋಕೆ ಶುರು ಮಾಡೋ ಊರಾದ ಬೀದಳ್ಳಿಗೆ ಹೇಗೆ ಹೋಗೋದು ಅಂತಲೇ ಗೊತ್ತಾಗ್ತಿಲ್ಲ. ಮೊಬೈಲ್ ಮ್ಯಾಪಲ್ಲಿ ರಸ್ತೆ ಕಾಣುತ್ತೆ, ಬಸ್ಸಿನ ಸಮಯ ಕಾಣಲ್ಲ. ಹೋಗಿಬಂದ ಇಬ್ಬರನ್ನ ಕೇಳಿದೆ: ಒಬ್ಬರು ಆರೂವರೆ ಅಂದ್ರು, ಇನ್ನೊಬ್ಬರು ಎಂಟು ಅಂದ್ರು. ಎಂಟಾದ್ರೆ ಸಂಜೆಯೊಳಗೆ ಹತ್ತಿ ಇಳಿಯೋದು ಚಿಕ್ಕಪ್ಪನಿಗೆ ಕಷ್ಟ.

ಆ ಕಡೆಯವರು ದಯವಿಟ್ಟು ತಿಳಿಸಿ: ಈಗ ಬೀದಳ್ಳಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ, ಅಲ್ಲಿಂದ ವಾಪಸ್ ಕೊನೇ ಬಸ್ಸು ಯಾವಾಗ?