ಪೋಕೆಮಾನ್ ಟಿಸಿಜಿ ಪಾಕೆಟ್: ಮೊದಲ ಸ್ಥಾನ ಪಿಕಾಚುವಿಗೋ, ಮ್ಯೂಟೂವಿಗೋ?

ಮಲ್ಪೆ ಕಡಲು:
ದಿನವೂ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಫೋನಿನಲ್ಲಿ ಈ ಕಾರ್ಡು ಆಟ ಆಡುತ್ತೇನೆ. ಕಾಪು ದಾಟುವಷ್ಟರಲ್ಲಿ ಒಂದು ಪಂದ್ಯವಾದರೂ ಮುಗಿದಿರುತ್ತದೆ. 2024ರ ಮೊದಲ ಸಂಗ್ರಹ ‘ಜೆನೆಟಿಕ್ ಏಪೆಕ್ಸ್’ನ ಕಾರ್ಡುಗಳಷ್ಟೇ ಇರುವ ಡೆಕ್‌ಗಳಲ್ಲಿ (ಆಡಲು ಕಟ್ಟಿಕೊಳ್ಳುವ ಕಾರ್ಡುಗಳ ಕಟ್ಟು) ನನ್ನ ಪಟ್ಟಿಯ ತುದಿಯಲ್ಲಿರುವುದು ಪಿಕಾಚು ಇಎಕ್ಸ್; ‘ಇಎಕ್ಸ್’ ಎಂದರೆ ಹೆಚ್ಚು ಬಲದ ಕಾರ್ಡು. ಬೆಂಚಿನಲ್ಲಿ, ಅಂದರೆ ಹಿಂದೆ ಕಾಯುವ ಸಾಲಿನಲ್ಲಿ, ಮೂರು ಮಿಂಚಿನ ಪೋಕೆಮಾನ್ ಇದ್ದರೆ ಎರಡೇ ಎನರ್ಜಿಗೆ (ಹೊಡೆಯಲು ಬೇಕಾದ ಶಕ್ತಿ) 90 ಹಾನಿ! ಒಪ್ಪುತ್ತೀರಾ?

ಸುರತ್ಕಲ್ ಹುಡುಗಿ:
ಇಲ್ಲ ಅಣ್ಣ. ಮ್ಯೂಟೂ ಇಎಕ್ಸ್‌ನ ಒಂದು ಹೊಡೆತಕ್ಕೆ 150. ಪಿಕಾಚುವಿನ ಜೀವ 120 ಮಾತ್ರ. ಹೊಡೆದಾಗ ಎರಡು ಎನರ್ಜಿ ಹೋಗುತ್ತದೆ, ನಿಜ. ಆದರೆ ಜೊತೆಗಿರುವ ಗಾರ್ಡೆವಾರ್ ಎಂಬ ಪೋಕೆಮಾನ್ ಒಂದನ್ನು ತುಂಬಿಕೊಡುತ್ತದೆ, ಇನ್ನೊಂದನ್ನು ನಾವೇ ಹಾಕುತ್ತೇವೆ. ಮತ್ತೆ ಹೊಡೆಯಬಹುದು.

ಮಲ್ಪೆ ಕಡಲು:
ರಾಲ್ಟ್ಸ್, ಕಿರ್ಲಿಯಾ ಎಂಬ ಎರಡು ಹಂತಗಳನ್ನೂ ದಾಟಿ ಗಾರ್ಡೆವಾರ್ ಬರಬೇಕಲ್ಲ, ತಂಗಿ! ನಿನ್ನೆ ಮೂಲ್ಕಿ ಸೇತುವೆಯ ಮೇಲೆ ಎದುರಾಳಿ ಕಿರ್ಲಿಯಾಗಾಗಿ ಕಾಯುತ್ತಿದ್ದಾಗಲೇ ಗೆದ್ದೆ.

ಮಣಿಪಾಲದ ಮೇಷ್ಟ್ರು:
ಗೆಲುವಿಗೆ 3 ಅಂಕ ಸಾಕು, ಒಂದು ಇಎಕ್ಸ್ ಬಿದ್ದರೆ 2 ಅಂಕ. ಇಷ್ಟು ಚಿಕ್ಕ ಆಟದಲ್ಲಿ ಬೇಗ ಸಿದ್ಧವಾಗುವುದೇ ದೊಡ್ಡ ಬಲ. ಹಾಗಾಗಿ ಪಿಕಾಚು ಮೇಲೆ, ಆದರೆ ಕೂದಲೆಳೆಯಷ್ಟೇ. ಗಾರ್ಡೆವಾರ್ ಒಮ್ಮೆ ನೆಲೆಯೂರಿದರೆ ನನಗೂ ಕೈ ನಡುಗುತ್ತದೆ.