ಪದಚರ್ಚೆ: ನಕ್ಷೆಯ ‘ಎರರ್’ಗೆ ‘ತಕರಾರು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬೀದರ್ ಸುತ್ತಿನ ಹುಲ್ಲುಗಾವಲು, ಕುರುಚಲು ಕಾಡು, ಕೆರೆ ಅಂಚು ಇವುಗಳ ಸರ್ವೆ ನಕ್ಷೆಯನ್ನು ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ತಿದ್ದುತ್ತಿದ್ದೇನೆ. ಚಿಗರಿ ಎಲ್ಲಿ ಮೇಯುತ್ತವೆ, ನರಿ ತೋಳ ಎಲ್ಲಿ ಓಡಾಡುತ್ತವೆ ಅಂತ ನೋಡಲು ಮಾಡಿದ ನಕ್ಷೆ ಇದು. ಮೊಬೈಲ್ ಹಿಡಿದು ಹೊಲ, ಗಾಯರಾಣ (ದನ ಮೇಯಲು ಬಿಟ್ಟ ಜಮೀನು) ಸುತ್ತಿ ಗೆರೆ ಎಳೆದು ತಂದವರು ಇಲ್ಲಿಯ ಹುಡುಗ ಹುಡುಗಿಯರು. ಮುಂದೆ ತಿದ್ದುವ ಕೆಲಸವನ್ನೂ ಅವರೇ ಮಾಡಲಿ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಮುಖ್ಯವಾಗಿ ಒಂದರದ್ದು.

ಕ್ಯೂಜಿಐಎಸ್‌ನಲ್ಲಿ ಟೋಪಾಲಜಿ ಚೆಕರ್ ಅಂತ ಒಂದು ಉಪಕರಣ ಇದೆ. ‘ಒಂದರ ಮೇಲೊಂದು ಬೀಳಬಾರದು’, ‘ನಡುವೆ ಸಂದು ಇರಬಾರದು’ ಅಂತ ನಿಯಮ ಕೊಟ್ಟರೆ ಅದು ಇಡೀ ನಕ್ಷೆ ಜಾಲಾಡಿ ನಿಯಮ ಮೀರಿದ ಜಾಗಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಗೆ ಅದು ಇಟ್ಟ ಹೆಸರು ಎರರ್. ಕನ್ನಡದಲ್ಲಿ ಸುಮ್ನೆ ‘ದೋಷ’ ಅಥವಾ ‘ತಪ್ಪು’ ಅಂತ ಬರೆದುಬಿಡಬಹುದು. ಆದರೆ ಹಾಗೆ ಬರೆದರೆ ಓದಿದವರು ಪಟ್ಟಿಯಲ್ಲಿ ಇರುವುದನ್ನೆಲ್ಲ ಒರೆಸಿ ಹಾಕುತ್ತಾರೆ. ತಪ್ಪು ಅಂದ ಮೇಲೆ ತಿದ್ದಲೇಬೇಕು, ಅಲ್ವಾ?

ಒಂದು ಉದಾಹರಣೆ ಕೊಡುತ್ತೇನೆ. ಅಕ್ಕಪಕ್ಕದ ಎರಡು ತುಂಡುಗಳನ್ನು ಇಬ್ಬರು ಬೇರೆ ಬೇರೆಯಾಗಿ ಸುತ್ತಿದ್ದಾರೆ ಅಂದುಕೊಳ್ಳಿ. ಬಯಲಲ್ಲಿ ನಿಂತರೂ ಮೊಬೈಲಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. ಹಾಗಾಗಿ ಇಬ್ಬರ ಗೆರೆ ಒಂದೇ ಕಡೆ ಬೀಳುವುದಿಲ್ಲ. ನಡುವೆ ತೆಳ್ಳನೆಯ ಪಟ್ಟಿ ಉಳಿಯುತ್ತದೆ. ಅರ್ಧ ಮೀಟರ್ ಅಗಲ, 200 ಮೀಟರ್ ಉದ್ದ ಇದ್ದರೆ ಅದು 100 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಗುಂಟೆ. ನೆಲದ ಮೇಲೆ ಅಂಥ ಗುಂಟೆ ಇಲ್ಲವೇ ಇಲ್ಲ. ಈಗ ಆ ಪಟ್ಟಿಯನ್ನೂ ನಕ್ಷೆಯ ಒಂದು ತುಂಡಾಗಿ ಮಾಡಿಕೊಂಡು, ‘ಒಂದು ಗುಂಟೆಗಿಂತ ಸಣ್ಣದನ್ನೆಲ್ಲ ಪಕ್ಕದ ತುಂಡಿಗೆ ಸೇರಿಸು’ ಅಂತ ಎಲಿಮಿನೇಟ್ ಉಪಕರಣಕ್ಕೆ ಹೇಳಿದೆವು ಅನ್ನಿ. ತೆಳ್ಳನೆಯ ಪಟ್ಟಿ ಹೋಯಿತು, ಸರಿ. ಆದರೆ 10 ಮೀಟರ್ ಉದ್ದ, 10 ಮೀಟರ್ ಅಗಲದ ಕೃಷಿ ಹೊಂಡ ಕೂಡ 100 ಚದರ ಮೀಟರೇ! ಅದೂ ಹೊಲದೊಳಗೆ ಕರಗಿ ಹೋಗುತ್ತದೆ. ಬೇಸಿಗೆಯಲ್ಲಿ ಹಕ್ಕಿಗಳಿಗೆ ಅದೊಂದೇ ನೀರು ಇರಬಹುದು. ಪಟ್ಟಿಯ ಸುತ್ತಳತೆ 401 ಮೀಟರ್, ಹೊಂಡದ್ದು ಬರೀ 40. ಕ್ಷೇತ್ರಫಲದ ಜೊತೆ ಸುತ್ತಳತೆಯನ್ನೂ ನೋಡಿದರೆ ಇವೆರಡು ಬೇರೆ ಅಂತ ಗೊತ್ತಾಗುತ್ತದೆ. ಹಾಗಂತ ಸುತ್ತಳತೆಯೂ ಎಲ್ಲ ಕಡೆ ಕೈ ಹಿಡಿಯುವುದಿಲ್ಲ. ಹೊಲದ ಒಡ್ಡಿನ ಮೇಲಿನ ಹುಲ್ಲು, ಬಂಡಿದಾರಿ, ಸಣ್ಣ ಹಳ್ಳ, ಇವೆಲ್ಲ ಉದ್ದಕ್ಕೆ ತೆಳ್ಳಗೇ ಇರುತ್ತವೆ. ಇವು ನಿಜವಾದ ಸಂದುಗಳು.

ಒಂದರ ಮೇಲೊಂದು ಬಿದ್ದದ್ದೂ ಹೀಗೆಯೇ. ಕಾರಂಜಾ ಜಲಾಶಯದ ಹಿನ್ನೀರಿನ ಅಂಚನ್ನೇ ನೋಡಿ. ಮಳೆಗಾಲ ಮುಗಿದಾಗ ಹೋದವರು ‘ನೀರು’ ಅಂತ ಗೆರೆ ಎಳೆದಿರುತ್ತಾರೆ. ಏಪ್ರಿಲ್‌ನಲ್ಲಿ ಹೋದವರು ಅದೇ ಜಾಗಕ್ಕೆ ‘ಹುಲ್ಲು’ ಅಂತ ಬರೆದಿರುತ್ತಾರೆ. ಯಾದಗಿರಿ ಜಿಲ್ಲೆಯ ಬೋನಾಳ ಕೆರೆಗೆ ಹೋದರೂ ಇದೇ ಕಥೆ. ಇಬ್ಬರೂ ಸರಿ. ಚೆಕರ್ ಮಾತ್ರ ಕೆಂಪು ಗೆರೆ ಹಾಕುತ್ತದೆ. ಒಂದನ್ನು ಕತ್ತರಿಸುವ ಬದಲು ಯಾವ ತಿಂಗಳು ಅನ್ನುವ ಕಾಲಂ ಸೇರಿಸಿದರೆ ಮುಗಿಯಿತು.

ಅದಕ್ಕೇ ನನಗೆ ‘ತಕರಾರು’ ಹಿಡಿಸಿದೆ. ಭೂಮಾಪನ ಕಚೇರಿಗೆ ಅಲೆದವರಿಗೆಲ್ಲ ಈ ಪದ ಗೊತ್ತು. ತಕರಾರು ಇದೆ ಅಂದರೆ ಯಾರೋ ತಪ್ಪು ಮಾಡಿದ್ದಾರೆ ಅಂತ ತೀರ್ಮಾನ ಆಗಿಲ್ಲ, ಇನ್ನೂ ವಿಚಾರಿಸಬೇಕು ಅಂತ. ಎರರ್‌ಗಳ ಪಟ್ಟಿಗೆ ‘ತಕರಾರು ಪಟ್ಟಿ’, ಒಂದೊಂದನ್ನೇ ನೋಡಿ ಮುಗಿಸುವುದಕ್ಕೆ ‘ಇತ್ಯರ್ಥ ಮಾಡು’. ಗೆರೆಗಳನ್ನು ಕೊನೆಗೆ ಗಟ್ಟಿ ಮಾಡುವುದಕ್ಕೆ ‘ಹದ್ದುಬಸ್ತು’ ಕೂಡ ಇದೆ. ಪಹಣಿ ಓದಿ ಬೆಳೆದ ಊರಿನವರಿಗೆ ಇವನ್ನು ಯಾರೂ ಕಲಿಸಬೇಕಾಗಿಲ್ಲ.

ಆದರೆ ಅದೇ ಕಚೇರಿಯ ಇನ್ನೊಂದು ಪದಕ್ಕೆ ನನ್ನ ವಿರೋಧ ಇದೆ. ನಮ್ಮಲ್ಲೊಬ್ಬರು ಓವರ್‌ಲ್ಯಾಪ್‌ಗೆ ‘ಒತ್ತುವರಿ’ ಸೂಚಿಸಿದರು. ಕೇಳಲು ಚೆನ್ನಾಗಿದೆ, ಸೊಗಡೂ ಇದೆ. ಆದರೆ ನಕ್ಷೆಯನ್ನು ಪ್ರಿಂಟ್ ಹಾಕಿ ಊರ ಕಟ್ಟೆಯಲ್ಲಿ ಬಿಚ್ಚಿದಾಗ ಯಾರದೋ ಹೊಲದ ಮೇಲೆ ಕೆಂಪಗೆ ‘ಒತ್ತುವರಿ’ ಅಂತ ಇದ್ದರೆ ಗತಿ ಏನು? ಚಿಗರಿ ಮಾತು ಅಲ್ಲಿಗೇ ನಿಂತು ತಹಶೀಲ್ದಾರರ ಮಾತು ಶುರುವಾಗುತ್ತದೆ. ಪಠ್ಯಪುಸ್ತಕದ ‘ಅತಿವ್ಯಾಪನೆ’ ಬಾಯಿಗೆ ಹತ್ತುವುದಿಲ್ಲ. ಸದ್ಯಕ್ಕೆ ‘ಮೇಲೆಬಿದ್ದದ್ದು’ ಅಂತ ಬರೆದಿದ್ದೇನೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ತೆಳ್ಳನೆಯ ಸುಳ್ಳು ಪಟ್ಟಿಗೆ ‘ಸಿಬಿರು’ ಅಂದುಕೊಂಡಿದ್ದೇನೆ. ‘ಸಂದು’ ಅನ್ನುವುದನ್ನು ನೆಲದ ಮೇಲೆ ನಿಜವಾಗಿ ಇರುವುದಕ್ಕೆ ಮೀಸಲಿಟ್ಟು, ಗೆರೆ ಎಳೆಯುವಾಗ ಹುಟ್ಟಿದ್ದಕ್ಕೆ ಮಾತ್ರ ‘ಸಿಬಿರು’ ಅನ್ನಬಹುದು. ಎರಡಕ್ಕೂ ಒಂದೇ ಪದ ಇದ್ದರೆ ಬಂಡಿದಾರಿ ಉಳಿಯುವುದಿಲ್ಲ. ಎಳೆಯುವ ಗೆರೆ ಹತ್ತಿರದ ಗೆರೆಗೆ ತಾನಾಗಿ ಅಂಟಿಕೊಳ್ಳುವ ಸ್ನ್ಯಾಪಿಂಗ್‌ಗೆ ‘ಕಚ್ಚಿಸು’ ಅಂತ ಇಟ್ಟಿದ್ದೇನೆ. ‘ಎಷ್ಟು ದೂರದಿಂದ ಕಚ್ಚಬೇಕು’ ಅಂದರೆ ಟಾಲರೆನ್ಸ್ ಕೂಡ ಅದರಲ್ಲೇ ಬಂತು. ಗೆರೆ ತಿರುಗುವ ಮೂಲೆಗೆ, ಅಂದರೆ ವರ್ಟೆಕ್ಸ್‌ಗೆ, ಶಾಲೆಯ ‘ಶೃಂಗ’ ಇದ್ದರೂ ಎಲ್ಲರ ಬಾಯಲ್ಲಿ ‘ಪಾಯಿಂಟ್’ ಇದೆ, ಅದನ್ನೇ ಬಿಟ್ಟಿದ್ದೇನೆ. ಗೆರೆ ತನ್ನನ್ನು ತಾನೇ ದಾಟಿ ಕನ್ನಡದ ೪ರ ಹಾಗೆ ಆಗುವುದಕ್ಕೆ ‘ತಿರುಚು’ ಸಾಕು ಅನಿಸುತ್ತದೆ.

ನಡುವೆ ಒಂದು ಮಾತು. ಇಲ್ಲಿರುವವರಿಗೆ ಇದು ನಕ್ಷೆಗಿಂತ ಜಾಸ್ತಿ ರುಚಿಸಬಹುದು. ನೆಲದ ಬಗೆಯ ಹೆಸರನ್ನು ಕೈಯಿಂದ ಟೈಪ್ ಮಾಡಲು ಬಿಟ್ಟರೆ ‘ಹುಲ್ಲುಗಾವಲು’, ‘ಹುಲ್ಗಾವಲು’, ‘ಹುಲ್ಲಗಾವಲ’ ಮೂರೂ ಕಂಪ್ಯೂಟರಿಗೆ ಮೂರು ಬೇರೆ ಬಗೆ. ಇದು ಕಣ್ಣಿಗಾದರೂ ಕಾಣುತ್ತದೆ. ‘ತೋಟ’ದ ಕಥೆ ಇನ್ನೂ ವಿಚಿತ್ರ. ಯೂನಿಕೋಡ್‌ನಲ್ಲಿ ‘ೋ’ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೊ’ ಮತ್ತು ದೀರ್ಘದ ಗುರುತು ಸೇರಿಸಿ ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕಿದರೆ ಮಾತ್ರ ಅರ್ಧ ತೋಟಗಳು ಸಿಗುವುದಿಲ್ಲ! ಹೆಸರುಗಳನ್ನು ಮೊದಲೇ ಪಟ್ಟಿಯಾಗಿ ಕೊಟ್ಟು ಆರಿಸಲು ಬಿಡುವುದೇ ದಾರಿ. ಆ ಪಟ್ಟಿಯಲ್ಲಿ ‘ಗಾಯರಾಣ’ ಇರಬಾರದು ಅನ್ನುವುದು ನನ್ನ ವಾದ. ಅದು ದನ ಮೇಯಲು ಬಿಟ್ಟ ಜಮೀನಿನ ಹೆಸರು, ಅಲ್ಲಿ ಹುಲ್ಲು ಇರಬಹುದು, ಜಾಲಿ ಇರಬಹುದು, ಬರೀ ಕಲ್ಲೂ ಇರಬಹುದು. ‘ಬಂಜರು’ ಅಂತೂ ಬೇಡವೇ ಬೇಡ. ಬಂಜರು ಅಂತ ಬರೆದ ಹುಲ್ಲುಗಾವಲಿನ ಮೇಲೆ ನಾಳೆ ಯಾರಾದರೂ ಗಿಡ ನೆಡಲು ಬರುತ್ತಾರೆ.

ಕೊನೆಯದಾಗಿ ಕೈಪಿಡಿಯ ಹೆಸರು. ‘ದತ್ತಾಂಶ ಶುದ್ಧೀಕರಣ’ ಅಂದರೆ ನೀರಿನ ಘಟಕದ ನೆನಪಾಗುತ್ತದೆ. ‘ನಕ್ಷೆ ಹಸನು ಮಾಡುವುದು’ ಅನ್ನೋಣ ಅಂತ ಆಸೆ. ಆದರೆ ತೊಗರಿ ಹಸನು ಮಾಡುವಾಗ ಕಲ್ಲು, ಹೊಟ್ಟು ಆರಿಸಿ ಎಸೆಯುತ್ತೇವೆ. ಹೊಲ ಹಸನು ಮಾಡುವುದು ಅಂದರೆ ಕೂಳೆ ತೆಗೆದು ಬಿತ್ತಲು ತಯಾರು ಮಾಡುವುದು. ನನಗೆ ಬೇಕಾದದ್ದು ಎರಡನೆಯ ಅರ್ಥ. ಓದುವವರಿಗೆ ಮೊದಲನೆಯದೇ ಹೊಳೆದರೆ ಮತ್ತೆ ಎಸೆಯಲು ಶುರು ಮಾಡುತ್ತಾರೆ ಅನ್ನುವ ಅನುಮಾನ.

ಚಿಂಚೋಳಿ, ಸೇಡಂ, ಸುರಪುರದ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮಲ್ಲಿ ‘ಹಸನು’ ಅಂದ ಕೂಡಲೇ ಕಾಳು ನೆನಪಾಗುತ್ತದೋ, ಹೊಲವೋ? ಸರ್ವೆ ಕೆಲಸ ಮಾಡಿದವರು ಯಾರಾದರೂ ಇದ್ದರೆ, ಎರಡು ಅಳತೆಗಳ ನಡುವೆ ಉಳಿಯುವ ಆ ಸುಳ್ಳು ಪಟ್ಟಿಗೆ ನಿಮ್ಮ ಬಾಯಲ್ಲಿ ಬೇರೆ ಹೆಸರು ಇದೆಯೇ ಅಂತಲೂ ಹೇಳಿ. ಇದ್ದರೆ ‘ಸಿಬಿರು’ ಬಿಟ್ಟು ಅದನ್ನೇ ಬರೆಯುತ್ತೇನೆ.