ತೋಟದ ಜಲ್ಲಿ ರಸ್ತೆಗೆ ಊರಲ್ಲೇ ಮಾಡಿಸುವ, ಟ್ರ್ಯಾಕ್ಟರ್ ಎಳೆಯುವ ಸಮಗೊಳಿಸುವ ಚೌಕಟ್ಟು

ಮೂಡಿಗೆರೆಯ ಬೆಳೆಗಾರ: ಮಳೆಗಾಲ ಕಳೆದಾಗ ನಮ್ಮ ಕಾಫಿ ತೋಟದ ಜಲ್ಲಿ ರಸ್ತೆಯ ತುಂಬ ಗುಂಡಿಗಳು ಉಳಿಯುತ್ತವೆ. ಅದನ್ನು ಸಮಗೊಳಿಸುವ ಉಪಕರಣವನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದೇ?

ಸಕಲೇಶಪುರದಿಂದ: ಖಂಡಿತ ಮಾಡಿಸಬಹುದು. ಟ್ರ್ಯಾಕ್ಟರ್ ಗುಂಡಿಗೆ ಇಳಿದು ಏಳುವಾಗ ಅದರ ಹಿಂದೆ ಕಟ್ಟಿದ ಒಂಟಿ ಅಲಗೂ ಏರಿಳಿದು ರಸ್ತೆಯಲ್ಲಿ ಹೊಸ ಅಲೆಗಳನ್ನೇ ಮೂಡಿಸುತ್ತದೆ. ಆದ್ದರಿಂದ ನೆಲದ ಮೇಲೆ ಜಾರುವ ಎರಡು ಉದ್ದನೆಯ ಕಬ್ಬಿಣದ ಪಟ್ಟಿಗಳ ನಡುವೆ, ಅವುಗಳ ತಳಕ್ಕಿಂತ ತುಸುವೇ ಕೆಳಗೆ ಬರುವಂತೆ, ಎರಡು ಅಲಗುಗಳನ್ನು ಓರೆಯಾಗಿ ಕೂರಿಸಿರಿ. ಸವೆದಾಗ ಬದಲಿಸಲು ಅನುಕೂಲವಾಗುವಂತೆ ಅವುಗಳನ್ನು ಬೆಸೆಯದೆ ಬೋಲ್ಟುಗಳಿಂದ ಬಿಗಿಯುವುದು ಮುಖ್ಯ.

ಚಿಕ್ಕಮಗಳೂರಿನಿಂದ: ಚೌಕಟ್ಟಿನ ಅಗಲ ಹಿಂಚಕ್ರಗಳ ಹೊರ ಅಂಚನ್ನು ಮೀರಲಿ. ಜಲ್ಲಿ ತುಸು ತೇವವಾಗಿರುವಾಗಲೇ ಎಳೆಯಿರಿ. ಮಲೆನಾಡಿನ ಮಳೆಗೆ ನೀರು ಬದಿಗೆ ಹರಿಯಲೇಬೇಕು. 3 ಮೀಟರ್ ಅಗಲದ ರಸ್ತೆಯಾದರೆ ನಡುಭಾಗವನ್ನು ಅಂಚುಗಳಿಗಿಂತ ಸುಮಾರು 6 ಸೆಂ.ಮೀ. ಎತ್ತರಿಸಿರಿ.